ಬೈರಣ್ಣನ ಉಸಿರು

ಎಪ್ಪತ್ತರ ದಶಕದಲ್ಲಿ ಚಿಕ್ಕಬೈರಪ್ಪ ಕಾಲು ಹಿಡಿದರೆ ಬಿಡಿಸಿಕೊಂಡು ಹೋದವರಿಲ್ಲ. ಕಬಡ್ಡಿ ಆಡಿ ತಾವು ಕೆಲಸಕ್ಕಿದ್ದ ಕಾರ್ಖಾನೆಗೆ ಕಪ್ಪುಗಳನ್ನು ತಂದರು, ಮಂಡಿ ಸವೆದ ಮೇಲೆ ಕೋಚ್ ಆದರು. ತಲೆಗೆ ತಿಂದ ಒದೆಗಳನ್ನು ಮಾತ್ರ ಯಾರೂ ನೆನಪಿಟ್ಟಿರಲಿಲ್ಲ. ಈಗ ಹೆಸರುಗಳು ಅದಲುಬದಲಾಗುತ್ತವೆ. ಕಿವಿ ಮೋಸ ಮಾಡಿಲ್ಲ. ರೈಡ್ ಹೋದವರ "ಕಬಡ್ಡಿ ಕಬಡ್ಡಿ" ಕೇಳಿಯೇ ದಮ್ಮು ಎಷ್ಟಿದೆ ಎಂದು ಹೇಳಿಬಿಡುತ್ತಾರೆ.

ತಿಲಕ್ ನಗರದ ಮೈದಾನದಲ್ಲಿ ರಾಜ್ಯೋತ್ಸವ ಕಪ್‌ನ ಫೈನಲ್. ಮೊಮ್ಮಗಳು ಶ್ವೇತಳೇ ಅವರ ತಂಡದ ಮುಖ್ಯ ರೈಡರ್. ಬೆಳಗಿನ ಸೆಮಿಫೈನಲ್‌ನಲ್ಲಿ ಯಾರದೋ ಮಂಡಿ ಅವಳ ಕಿವಿಯ ಮೇಲ್ಗಡೆ ಬಡಿದಿತ್ತು. "ಏನಿಲ್ಲ ತಾತ" ಎಂದು ಎದ್ದಿದ್ದಳು. ತಾತನೂ ನಂಬಿದರು. ಅವರ ಕಾಲದಲ್ಲೂ ಮದ್ದೆಂದರೆ ಅದೇ, ತಲೆಗೆ ತಣ್ಣೀರು, ಬಾಯಿಗೆ ಗ್ಲೂಕೋಸು.

ಮೊದಲರ್ಧದ ಕೊನೆಯ ರೈಡಿನಲ್ಲಿ ಅವಳ ದನಿ ತೊದಲಿತು. ಚಿಕ್ಕಬೈರಪ್ಪನವರು ಕಿವಿ ನಿಮಿರಿಸಿದರು. ಈ ತೊದಲು ಅವರು ಹಿಂದೊಮ್ಮೆ ಕೇಳಿದ್ದರು. ಜೊತೆಗಾರ ಬೈರಣ್ಣ, ತಲೆಗೆ ಏಟು ಬಿದ್ದ ಸಂಜೆ, ಹೀಗೇ ತೊದಲುತ್ತ ರೈಡ್ ಹೋದವನು ವಾಪಸ್ ಗೆರೆ ಮುಟ್ಟಲಿಲ್ಲ. ಆಸ್ಪತ್ರೆಯಿಂದ ಹೆಣವಾಗಿ ಬಂದ.

ವಿರಾಮದಲ್ಲಿ ಶ್ವೇತ ಎದುರು ತಂಡದ ಬೆಂಚಿಗೆ ಹೋಗಿ ಕೂತಳು. ಹುಡುಗಿಯರು ನಗುತ್ತ ಎಳೆದು ತಂದರು. ಚಿಕ್ಕಬೈರಪ್ಪನವರಿಗೆ ನಗು ಬರಲಿಲ್ಲ. ಅವಳ ಕೈ ಗಟ್ಟಿಯಾಗಿ ಹಿಡಿದರು.

"ಹೋಗ್ಬೇಡ ಕಣೋ ಬೈರಣ್ಣ. ತಲೆಗೆ ಪೆಟ್ಟಾಗಿದೆ."

ಮ್ಯಾನೇಜರ್ ರವಿಕುಮಾರ್ ಹುಬ್ಬು ಹಾರಿಸಿದ. ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಇವರಿಗಾದರೋ ಎಪ್ಪತ್ತಾರು.

"ಸಾರ್, ಅದು ಶ್ವೇತ. ಬೈರಣ್ಣ ಅಂತ ಯಾರೂ ಇಲ್ಲ ಇಲ್ಲಿ. ಬಿಸಿಲಿಗೆ ಸುಸ್ತಾಗಿದೀರ, ಬನ್ನಿ, ನೆರಳಲ್ಲಿ ಕೂತ್ಕೊಳಿ."

"ಗೊತ್ತು ಕಣಯ್ಯಾ! ಇವಳ್ನೇ ಹೇಳ್ತಿರೋದು. ಆಡಿಸ್ಬೇಡ, ಆಸ್ಪತ್ರೆಗೆ ಕರ್ಕೊಂಡ್ ಹೋಗು ಈ..."

ಹೆಸರು ಬಾಯಿಗೆ ಬರಲಿಲ್ಲ. ಎತ್ತಿ ಆಡಿಸಿದ ಮಗುವಿನ ಹೆಸರು! ಮುದುಕರಿಗೆ ಅಳುವೇ ಬಂತು. ಅಳುವ ಮುದುಕರ ಮಾತನ್ನು ಇನ್ಯಾರು ಕೇಳುತ್ತಾರೆ?

"ಟೆನ್ಷನ್ ಮಾಡ್ಕೋಬೇಡ ತಾತ," ಎಂದು ಶ್ವೇತ ಅವರ ಕೆನ್ನೆ ಒರೆಸಿದಳು. ಅವಳ ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ದೊಡ್ಡದಾಗಿತ್ತು. ಅದು ಕಾಣುವಷ್ಟು ಹತ್ತಿರ ಇದ್ದವರು ಅವರೊಬ್ಬರೇ.

ಸೀಟಿ ಮೊಳಗಿತು. ಶ್ವೇತ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಗೆರೆ ದಾಟಿದಳು. ಏಳಲು ಹೋದ ಚಿಕ್ಕಬೈರಪ್ಪನವರನ್ನು ರವಿಕುಮಾರ್ ಭುಜ ಅದುಮಿ ಕೂರಿಸಿದ. ಅಷ್ಟು ಗದ್ದಲದಲ್ಲೂ ಆ ದನಿ ಅವರಿಗೆ ಕೇಳುತ್ತಿತ್ತು. ಕಬಡ್ಡಿ, ಕಬಡ್ಡಿ, ಕಬ, ಕಬ...

"ಶ್ವೇತಾ!" ಹೆಸರು ಈಗ ಬಂತು.

ಅವಳನ್ನು ಯಾರೂ ಮುಟ್ಟಿರಲಿಲ್ಲ. ನಿಂತಲ್ಲೇ ಕುಸಿದಳು. ಉಸಿರು ಬಿಟ್ಟಳೆಂದು ಅಂಪೈರ್ ಕೈಯೆತ್ತಿ ಔಟ್ ಕೊಟ್ಟ, ಎದುರು ತಂಡದವರು ಕುಣಿದಾಡಿದರು.