ಟೆಸ್ಟ್ ಮೆಸೇಜು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಕೀಬೋರ್ಡ್ ಎತ್ತಿ ಒಬ್ಬನ ಮುಖಕ್ಕೆ ಬೀಸಿದ್ದು ಅವತ್ತೊಂದೇ ದಿನ. ಏಟು ಶಾರ್ಟ್‌ಕಟ್‌ನ ಬಾಯಿಗೆ ಬಿತ್ತು. ಕೀಬೋರ್ಡಿನ ಗುಂಡಿಗಳು ಹಾರಿ ನೆಲದ ಮೇಲೆ ಉರುಳಿದವು, ಅವನ ತುಟಿ ಒಡೆದು ಅಂಗಿಯ ಮೇಲೆಲ್ಲ ರಕ್ತ. ಇನ್ನೊಂದು ಬಾರಿಸಲು ನನಗೆ ಪುರುಸೊತ್ತಿರಲಿಲ್ಲ.

ಯಾವ ಕೆಲಸವನ್ನೂ ನೆಟ್ಟಗೆ ಮಾಡದ ಕಾರಣಕ್ಕೆ ನಾವು ಅವನನ್ನು ಶಾರ್ಟ್‌ಕಟ್ ಎನ್ನುತ್ತಿದ್ದೆವು. ಮಹರಾಯ ಅದನ್ನೊಂದು ಬಿರುದು ಎಂದುಕೊಂಡಿದ್ದ.

ನಮ್ಮಿಬ್ಬರ ಕೈಗೆ ಬಂದಿದ್ದ ಕೆಲಸ ಒಂದು ವೆಬ್‌ಸೈಟಿನದು. ಹೊಡೆಯುವ ಗಂಡಂದಿರಿಂದ ತಪ್ಪಿಸಿಕೊಂಡು ಬಂದ ಹೆಂಗಸರನ್ನು ಅಡಗಿಸಿಡುವ ಸಂಸ್ಥೆ ಅದನ್ನು ಬಳಸುತ್ತಿತ್ತು. ಯಾರನ್ನು ಯಾವ ಮನೆಯಲ್ಲಿ ಇಟ್ಟಿದ್ದಾರೆ, ಯಾರ ಫೋನು ಬಂದರೆ ಎತ್ತಬಾರದು, ತವರಿನ ಕಡೆ ಯಾರಿಗೆ ಸುದ್ದಿ ಮುಟ್ಟಿಸಬೇಕು, ಎಲ್ಲ ಅದರೊಳಗಿತ್ತು. ಹಳೆಯದನ್ನು ಶಾರ್ಟ್‌ಕಟ್ ನೋಡಿಕೊಳ್ಳುತ್ತಿದ್ದ. ಹೊಸದನ್ನು ಇಬ್ಬರೂ ಸೇರಿ ಕಟ್ಟಬೇಕಿತ್ತು.

ನನ್ನ ತಂಗಿ ಆ ಸಂಸ್ಥೆಯ ಆಸರೆಯಲ್ಲೇ ಇದ್ದಳು. ಅವಳ ಗಂಡನದು ಟೈರ್ ಅಂಗಡಿ. ಟೈರು ಬಿಚ್ಚುವ ಕಬ್ಬಿಣದ ಪಟ್ಟಿಯಿಂದಲೇ ಅವಳ ದವಡೆ ಮುರಿದಿದ್ದ. ಹಲ್ಲಿಗೆ ಹಲ್ಲು ಸೇರಿಸಿ ತಂತಿ ಬಿಗಿದ ಬಾಯಲ್ಲಿ ಕೊಳವೆಯಿಂದ ಹಾಲು ಹೀರುತ್ತ ಆಸ್ಪತ್ರೆಯಲ್ಲಿದ್ದವಳು, ಅಲ್ಲಿಂದ ನೇರವಾಗಿ ಸಂಸ್ಥೆಯವರ ಗಾಡಿ ಹತ್ತಿದಳು. ಎಲ್ಲಿಗೆ ಎಂದು ನನಗೂ ಹೇಳಲಿಲ್ಲ. ಒಡಹುಟ್ಟಿದವರಿಗೂ ವಿಳಾಸ ಕೊಡುವುದಿಲ್ಲ, ಅದು ಅಲ್ಲಿನ ಕಟ್ಟುನಿಟ್ಟು. ಮೊದಲು ಮೈಯೆಲ್ಲ ಉರಿಯಿತು. ಆಮೇಲೆ ಅದೇ ಒಳ್ಳೆಯದಾಯಿತು ಅನ್ನಿಸಿತು, ಯಾಕೆಂದರೆ ಅವನು ನಮ್ಮ ಮನೆ ಬಾಗಿಲಿಗೆ ಬಂದು ನನ್ನ ಕುತ್ತಿಗೆ ಹಿಸುಕಿದಾಗ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಇದನ್ನೆಲ್ಲ ನಾನು ಕೆಲಸಕ್ಕೆ ಕೈ ಹಾಕುವ ಮೊದಲೇ ಆಫೀಸಿನಲ್ಲೂ ಸಂಸ್ಥೆಯವರಿಗೂ ಹೇಳಿದ್ದೆ. ಹಾಗಾಗಿ ನಿಜವಾದ ವಿವರ ಒಂದಕ್ಷರವೂ ನನ್ನ ಕಣ್ಣಿಗೆ ಬೀಳದಂತೆ ಬೇರೆಯದೇ ಒಂದು ಲೋಕ ಕಟ್ಟಿಕೊಂಡೆ. ನಮ್ಮ ಕಂಪ್ಯೂಟರಿನೊಳಗೇ ಆ ವೆಬ್‌ಸೈಟಿನ ತದ್ರೂಪು. ಅದಕ್ಕೆ ಅದರದೇ ಸರ್ವರ್, ಅದರದೇ ಡೇಟಾಬೇಸ್, ಸುತ್ತ ಗೋಡೆ. ಒಳಗಿದ್ದ ಹೆಂಗಸರೆಲ್ಲ ನಾನು ಹುಟ್ಟಿಸಿದವರು: ಸೌತೆಕಾಯಮ್ಮ, ಛತ್ರಿ ಚಿಕ್ಕಮ್ಮ, ಗೊರಕೆ ಅಜ್ಜಿ. ಅವರಿಗೆ ಮೆಸೇಜು ಕಳಿಸಿದರೆ ಅದು ಹೊರಗೆ ಹೋಗದೆ ಒಳಗೇ ಒಂದು ಡಬ್ಬಿಗೆ ಬೀಳುತ್ತಿತ್ತು, ನಾವು ತೆಗೆದು ಓದಿಕೊಳ್ಳಬಹುದಿತ್ತು. ಅಲ್ಲಿ ಏನು ಎಡವಟ್ಟು ಮಾಡಿದರೂ ಹೊರಗೆ ಯಾರ ಕೂದಲೂ ಕೊಂಕುವಂತಿರಲಿಲ್ಲ.

ಅವತ್ತು ಬೆಳಿಗ್ಗೆ ಶಾರ್ಟ್‌ಕಟ್ ಅದನ್ನು ತನ್ನ ಕಂಪ್ಯೂಟರಿನಲ್ಲಿ ಎಬ್ಬಿಸಲು ಕೂತ. ಅದು ಏಳಲಿಲ್ಲ. ನಾನು ನನ್ನ ಪಾಡಿಗೆ ಪಕ್ಕದ ಮೇಜಿನಲ್ಲಿದ್ದೆ, ಕೇಳಿದ್ದರೆ ಹೇಳಿಕೊಡುತ್ತಿದ್ದೆ. ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಫೋನು ಸದ್ದು ಮಾಡಿತು.

"ಇದು ಟೆಸ್ಟ್. ನಿಮ್ಮವರು ಕ್ಷೇಮ." ಕೆಳಗೆ ತಂಗಿಯ ಹೆಸರು. ಅದರ ಕೆಳಗೆ ವಿಳಾಸ: ಹಳೇ ಪ್ರೆಸ್ಸಿನ ಹಿಂದಿನ ಬೀದಿ, ಬ್ಯಾಟರಿ ಅಂಗಡಿ ಮಹಡಿ.

ಆ ಬೀದಿ ನಮ್ಮ ಆಫೀಸಿನ ಬೆನ್ನಿಗೇ ಇದೆ. ಚಹಾಕ್ಕೆ ದಿನಾ ಅದೇ ಬ್ಯಾಟರಿ ಅಂಗಡಿ ದಾಟಿ ಹೋಗುತ್ತಿದ್ದೆ. ಅವಳು ಅಷ್ಟು ಹತ್ತಿರದಲ್ಲಿದ್ದಾಳೆ ಎಂದು ಒಂದು ಕ್ಷಣ ಖುಷಿಯಾಯಿತು. ಆಮೇಲೆ, ಇದು ನನಗೆ ಗೊತ್ತಾಗಲೇಬಾರದಿತ್ತು ಎಂದು ಹೊಳೆದು ಶಾರ್ಟ್‌ಕಟ್‌ನ ಕಡೆ ತಿರುಗಿದೆ.

"ಏನೋ ಮಾಡ್ದೆ ನೀನು?"

"ಟೆಸ್ಟು. ಎಲ್ಲಾ ವಿವರ ಸರಿಯಾಗಿ ತುಂಬ್ಕೊಳ್ಳುತ್ತಾ ನೋಡೋಣ ಅಂತ. ಎಲ್ಲಾ ಡಬ್ಬಿ ಒಳಗೇ ತಾನೇ?"

"ಸೆಟ್ಟಿಂಗ್ಸ್ ಫೈಲು ಎಲ್ಲಿಂದ ತಂದೆ?"

"ಅಸಲಿ ಸರ್ವರಿಂದ ಕಾಪಿ ಹೊಡ್ದೆ. ನಿಂದು ಓಡ್ತಾನೇ ಇರ್ಲಿಲ್ಲ. ಡೇಟಾನೂ ಅಲ್ಲಿಂದಾನೇ ತಂದೆ. ಆ ಸೌತೆಕಾಯಮ್ಮನ್ನ ಎಷ್ಟು ದಿನ ಅಂತ ನೋಡೋದು?"

ಹೊರಗಿನ ಫೋನುಗಳಿಗೆ ನಿಜವಾಗಿ ಮೆಸೇಜು ಕಳಿಸುವ ಕಂಪನಿಯ ಬೀಗದ ಕೈ ಇದ್ದದ್ದು ಆ ಫೈಲಿನಲ್ಲೇ. ನಾನು ಕಟ್ಟಿದ ಗೋಡೆಗೆ ಇವನು ಬಾಗಿಲು ಕೊರೆದು, ಕೀಲಿ ಹಾಕಿ ತೆಗೆದಿಟ್ಟಿದ್ದ.

"ಯಾವ ನಂಬರಿಗೆಲ್ಲ ಹೋಯ್ತು?"

"ಅದರಲ್ಲಿರೋ ಎಲ್ಲಾದಕ್ಕೂ." ಹೇಳುತ್ತಿದ್ದಂತೆ ಅವನ ಮುಖದ ಕಳೆ ಇಳಿಯಿತು. "ಎತ್ತಬಾರದು ಅಂತ ಹಾಕಿರೋ ನಂಬರಿಗೂ ಹೋಗಿರುತ್ತೆ."

ಕೀಬೋರ್ಡ್ ಬೀಸಿದ್ದು ಆಗ. "ಪೊಲೀಸಿಗೆ ಫೋನ್ ಮಾಡು," ಎಂದು ಕೂಗಿ ಮೆಟ್ಟಿಲಿಗೆ ಹಾರಿದೆ.

ಬ್ಯಾಟರಿ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಕಬ್ಬಿಣದ ಗ್ರಿಲ್ ಬಾಗಿಲು. ಹಿಂದೆ ದಪ್ಪ ಕನ್ನಡಕದ ಹೆಂಗಸು ನಿಂತಿದ್ದರು. ಮನೆ ನೋಡಿಕೊಳ್ಳುವವರು, ಒಳಗಿನವರೆಲ್ಲ ದೊಡ್ಡಮ್ಮ ಎನ್ನುತ್ತಾರಂತೆ.

"ಯಾರಮ್ಮ ನೀನು?"

"ಇವಳ ಅಕ್ಕ," ಎಂದು ಏದುಸಿರು ಬಿಡುತ್ತ ಫೋನ್ ತೋರಿಸಿದೆ. "ಎಲ್ಲಾರ್ನೂ ಇಲ್ಲಿಂದ ಸಾಗಿಸಿ. ಗಂಡಂದ್ರಿಗೆಲ್ಲ ವಿಳಾಸ ಹೋಗಿದೆ."

ಅವರು ಓದಿದರು. ಬೀಗ ಮಾತ್ರ ತೆಗೆಯಲಿಲ್ಲ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ರಬ್ಬರಿನ ವಾಸನೆ ಬಂತು.

"ಅಕ್ಕಾ, ನೀವೂ ಬಂದ್ರಾ?" ತಂಗಿಯ ಗಂಡ. ಮಾತು ಬೆಣ್ಣೆಯಂತಿತ್ತು. "ಟೈರ್ ಕೊಡೋಕೆ ಇಲ್ಲೇ ಪಕ್ಕಕ್ಕೆ ಬಂದಿದ್ದೆ, ನಂಗೂ ಬಂತು ಮೆಸೇಜು. ನಮ್ಮೋಳೇ ಕರ್ಸಿದಾಳೆ ನೋಡಿ."

ತೋಳಿನೊಳಗಿಂದ ಆ ಕಬ್ಬಿಣದ ಪಟ್ಟಿ ಜಾರಿ ಅವನ ಅಂಗೈಗೆ ಬಂತು. ಮೊದಲ ಏಟು ಗ್ರಿಲ್‌ಗೆ. ಒಳಗೆ ಯಾರೋ ಚೀರಿದರು. ನಾನು ಅವನ ಮೊಣಕೈ ಹಿಡಿದು ಕಚ್ಚಿದೆ. ಬಾಯಿಗೆ ಗ್ರೀಸು, ರಕ್ತ ಎರಡೂ ಬಂದವು. ಅವನು ನನ್ನ ಜುಟ್ಟು ಹಿಡಿದು ತಲೆಯನ್ನು ಗ್ರಿಲ್‌ಗೆ ಅಪ್ಪಳಿಸಿದ. ಕಣ್ಣು ಕತ್ತಲೆಗಟ್ಟಿತು. ಮಂಡಿಯಿಂದ ಅವನ ಹೊಟ್ಟೆಗೆ ತಿವಿದೆ, ಅವನು ನನ್ನ ಪಕ್ಕೆಗೆ ಒದ್ದ. ನಾನು ಕುಸಿದೆ.

"ಬಾರೇ ಆಚೆ," ಎಂದು ಒಳಗೆ ಕೇಳುವಂತೆ ಕೂಗಿದ. "ಬರ್ಲಿಲ್ಲ ಅಂದ್ರೆ ನಿಮ್ಮಕ್ಕನ ಕೈಕಾಲು ಒಂದೊಂದೇ ಮುರೀತೀನಿ."

"ತೆಗೀಬೇಡ," ಎಂದೆ. "ನನ್ನ ಕೊಂದ್ರೂ ತೆಗೀಬೇಡ."

ಅವನು ನನ್ನ ಬಲಗೈಯನ್ನು ಮೆಟ್ಟಿಲ ಅಂಚಿಗೆ ಒತ್ತಿ ಹಿಡಿದು ಪಟ್ಟಿಯಿಂದ ಹೊಡೆದ. ಮೂಳೆ ಲಟಕ್ಕೆಂದದ್ದು ನೋವಿಗಿಂತ ಮೊದಲು ಕೇಳಿಸಿತು. ನಾನು ಹಾಗೆ ಕಿರುಚಬಾರದಿತ್ತು. ಕಿರುಚಿದೆ.

ಒಳಗೆ ಜಗ್ಗಾಟವಾಯಿತು. ದೊಡ್ಡಮ್ಮನ ಕೈಯಿಂದ ಕೀಲಿ ಕಿತ್ತುಕೊಂಡು ಗ್ರಿಲ್ ತೆಗೆದು ತಂಗಿ ಹೊರಗೆ ಬಂದಳು. ಮುಖ ಒಂದು ಕಡೆಗೆ ಸೊಟ್ಟಗಾಗಿತ್ತು. ಮಾತು ಬಾಯಿಯ ಪಕ್ಕದಿಂದ ಬರುತ್ತಿತ್ತು.

"ಬರ್ತೀನಿ. ಅವಳನ್ನ ಬಿಡು. ನಡೀ ಮನೆಗೆ."

ಅವನು ನಕ್ಕ. "ಹಾಂ, ಹೀಗೆ ದಾರಿಗೆ ಬಾ," ಎಂದು ನನ್ನನ್ನು ಬಿಟ್ಟು, ಇಳಿಯಲು ತಿರುಗಿ, ಒಂದು ಕಾಲು ಕೆಳಗಿಟ್ಟ. ತಂಗಿ ಎರಡೂ ಕೈಯಿಂದ, ಮೈಯ ಭಾರವನ್ನೆಲ್ಲ ಹಾಕಿ, ಅವನ ಬೆನ್ನಿಗೆ ನೂಕಿದಳು.

ಅವನು ಕೊನೆಯ ಮೆಟ್ಟಿಲವರೆಗೂ ಉರುಳಿದ. ಕಾಲು ಮಂಡಿಯ ಹತ್ತಿರ ತಿರುಗಬಾರದ ಕಡೆಗೆ ತಿರುಗಿತ್ತು. ಹಣೆ ಸೀಳಿತ್ತು. ಬ್ಯಾಟರಿ ಅಂಗಡಿಯವನು ಓಡಿಬಂದು ಆ ಪಟ್ಟಿಯನ್ನು ದೂರಕ್ಕೆ ಒದ್ದು ಅವನ ಎದೆಯ ಮೇಲೆ ಕೂತ. ಅಷ್ಟಾದರೂ ಅವನ ಬಾಯಿಂದ ಬೈಗುಳ ನಿಲ್ಲಲಿಲ್ಲ. ಸತ್ತಿದ್ದರೆ ಚೆನ್ನಾಗಿತ್ತು ಅಂತ ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಪೊಲೀಸರು ಅವನನ್ನು ಎತ್ತಿಕೊಂಡು ಹೋದ ಮೇಲೂ ದೊಡ್ಡಮ್ಮ ಕೂರಲಿಲ್ಲ. ಮಿಕ್ಕ ಗಂಡಂದಿರೂ ದಾರಿಯಲ್ಲಿರಬಹುದು. ಹೆಂಗಸರು ಸಿಕ್ಕಿದ್ದನ್ನು ಬ್ಯಾಗಿಗೆ ತುರುಕಿ ಸಾಲಾಗಿ ಇಳಿದರು, ಕೆಳಗೆ ಗಾಡಿ ಕಾಯುತ್ತಿತ್ತು. ತಂಗಿ ತನ್ನ ದುಪಟ್ಟಾದಲ್ಲಿ ನನ್ನ ಕೈಯನ್ನು ಕುತ್ತಿಗೆಗೆ ಜೋತುಹಾಕಿ ಕಟ್ಟಿದಳು.

"ಹೊಸ ಜಾಗಕ್ಕೂ ಅಕ್ಕನ ನಂಬರೇ ಇರ್ಲೇನಮ್ಮ?" ಎಂದು ದೊಡ್ಡಮ್ಮ ಅವಳನ್ನು ಕೇಳಿದರು.

"ಬೇಡ. ಯಾರದೂ ಬೇಡ."

ನನಗೆ ಎಲ್ಲಿತ್ತೋ ಸಿಟ್ಟು ಬಂತು. "ಯಾಕೆ? ನಾನೇನ್ ಮಾಡ್ದೆ ನಿಂಗೆ?"

"ನೀನೇನೂ ಮಾಡಿಲ್ಲ ಅಕ್ಕಾ," ಎಂದಳು. "ನಿನ್ನ ಹೊಡೆದ್ರೆ ನಾನು ಬಾಗಿಲು ತೆಗೀತೀನಿ ಅಂತ ಅವನಿಗೆ ಇವತ್ತು ಗೊತ್ತಾಯ್ತಲ್ಲ. ಇವತ್ತಲ್ಲ ನಾಳೆ ಆಚೆ ಬರ್ತಾನೆ. ನಿನ್ನ ಕೈಲೇ ನಂಗೆ ಫೋನ್ ಮಾಡಿಸ್ತಾನೆ. ನಿನ್ನ ದನಿ ಕೇಳಿದ್ರೆ ನಾನು ಬಂದೇ ಬರ್ತೀನಿ."

ನನ್ನ ಮುಖ ನೋಡದೆ ಅವಳು ಗಾಡಿ ಹತ್ತಿದಳು.

"ಗೋಡೆ ಕಡೆ ತಿರುಗಮ್ಮ," ಎಂದರು ದೊಡ್ಡಮ್ಮ, ಬೈಗುಳದಂತಲ್ಲ, ಬೇಡಿಕೊಂಡಂತೆ. ತಿರುಗಿ ನಿಂತೆ. ಗಾಡಿ ಹೊರಟಿತು. ಬೀದಿಯ ತುದಿಯಲ್ಲಿ ಅದು ಎಡಕ್ಕೆ ಹೋಯಿತೋ ಬಲಕ್ಕೋ ಗೊತ್ತಾಗಬಾರದೆಂದು ಕಿವಿ ಮುಚ್ಚಿಕೊಳ್ಳಲು ಹೋದೆ. ಒಂದೇ ಕೈ ಮೇಲೆದ್ದಿತು. ಇನ್ನೊಂದು ಕಿವಿಗೆ ಕೇಳಿಸಿಬಿಟ್ಟಿತು.