ಕುಡಿಯದವನ ಕಾಮಾಲೆ

ಕ್ಷೌರಿಕನ ಕಣ್ಣು ಹಳದಿಯಾಗಿ ಕತ್ತರಿ ಹಿಡಿದ ಕೈ ನಡುಗತೊಡಗಿದಾಗ, ಮತ್ತೆ ಕುಡಿತಕ್ಕೆ ಬಿದ್ದಿದ್ದಾನೆಂದೇ ಹೆಂಡತಿ ತಿಳಿದಳು. ಎಚ್‌ಐವಿ ಇದೆಯೆಂದು ಗೊತ್ತಾದಂದೇ ಅವನು ಕುಡಿತ ಬಿಟ್ಟಿದ್ದ, ಮಾತ್ರೆಯನ್ನೂ ತಪ್ಪಿಸಿರಲಿಲ್ಲ. ಆಣೆ ಇಟ್ಟು ಹೇಳಿದರೂ ಅವಳು ನಂಬಲಿಲ್ಲ, ಮಾತು ಬಿಟ್ಟಳು. ಹೊಟ್ಟೆ ಊದಿಕೊಂಡ ಮೇಲಷ್ಟೇ ಆಸ್ಪತ್ರೆಗೆ ಕರೆದೊಯ್ದಳು.

"ಇದು ಕುಡಿತದ್ದಲ್ಲಮ್ಮ," ಎಂದರು ಡಾಕ್ಟರು. "ಲಿವರ್‌ನಲ್ಲಿ ಇನ್ನೊಂದು ವೈರಸ್ ಇದೆ, ಹೆಪಟೈಟಿಸ್ ಬಿ. ಎಚ್‌ಐವಿ ಜೊತೆಗೇ ಬಂದಿರಬೇಕು. ಆವಾಗ ಪರೀಕ್ಷೆ ಮಾಡೋಕೆ ನಮ್ಮಲ್ಲಿ ಕಿಟ್ ಇರಲಿಲ್ಲ. ಅವರು ತಗೊಳ್ತಿದ್ದ ಹಳೇ ಮಾತ್ರೆ ಇದನ್ನ ತಡೆಯೋಕೆ ಸಾಲಲಿಲ್ಲ. ಈಗ ಕೈ ಮೀರಿದೆ."

ಹೊರಗೆ ಬೆಂಚಿನ ಮೇಲೆ ಗಂಡ ಗೋಡೆಗೊರಗಿದ್ದ. ಅವಳು ಅವನ ಮುಂದೆ ಹೋಗಿ ನಿಂತಳು.

"ನೀವು ಕುಡಿದಿಲ್ವಂತೆ," ಎಂದಳು.

"ಅದನ್ನ ಡಾಕ್ಟರೇ ಹೇಳ್ಬೇಕಾಯ್ತಾ?" ಎಂದು ಅವನು ನಕ್ಕ.

ಅವಳು ಪಕ್ಕದಲ್ಲಿ ಕುಳಿತು ಅವನ ನಡುಗುವ ಕೈಯನ್ನು ಮಡಿಲಿಗೆಳೆದುಕೊಂಡಳು. ಆ ವಾರವೇ ಅವನು ತೀರಿಕೊಂಡ.