ಹದಿನೆಂಟನೆಯ ಹೆಸರು

ಧಾರವಾಡದ ಆ ಕಾಲೇಜಿನಲ್ಲಿ ಹನುಮೇಶ ಹತ್ತೊಂಬತ್ತು ವರ್ಷ ಫುಟ್‌ಬಾಲ್ ಕಲಿಸಿದ. ಅಷ್ಟೂ ವರ್ಷ ಕ್ರೀಡಾ ನಿರ್ದೇಶಕರನ್ನು ಬಾಯಿಗೆ ಬಂದ ಹಾಗೆ ಬಯ್ದ. ಕುರ್ಚಿಗೆ ಅಂಟಿಕೊಂಡವರಿಗೆ ಮೈದಾನದ ಮಣ್ಣು ಗೊತ್ತಿಲ್ಲ ಎನ್ನುತ್ತಿದ್ದ. ಕಳೆದ ಜೂನ್‌ನಲ್ಲಿ ಅದೇ ಕುರ್ಚಿ ಅವನಿಗೇ ಬಂತು. ಕುರ್ಚಿಯ ಬೆನ್ನಿಗೆ ಹೊದಿಸಿದ್ದ ಬಿಳಿ ಟವೆಲ್ಲನ್ನು ಮೊದಲ ದಿನವೇ ಎಳೆದು ಕಿಟಕಿ ಒರೆಸಿದ. ತಾನು ಅವರಂಥವನಲ್ಲ ಎಂದು ಬಹಳ ಹಿಗ್ಗಿದ.

ಆಗಸ್ಟ್‌ನ ಒಂದು ಮಧ್ಯಾಹ್ನ ಮಯೂರಿ ಬಂದು ಮೇಜಿನ ಮುಂದೆ ನಿಂತಳು. ಗಬ್ಬೂರಿನಿಂದ ಎರಡು ಬಸ್ಸು ಬದಲಿಸಿ, ಮೂರು ವರ್ಷ ಬೆಳಗಿನ ಆರಕ್ಕೆ ಮೈದಾನ ಮುಟ್ಟಿದ ಗೋಲ್‌ಕೀಪರ್. ಬಿದ್ದು ಬಿದ್ದು ಅವಳ ಮೊಣಕೈ ಕಪ್ಪಾಗಿತ್ತು.

"ಸರ್, ನವನಗರದಾಗ ಅರ್ಜಿ ವಾಪಸ್ ಕೊಟ್ರು. ತಂಡದ ಪಟ್ಟ್ಯಾಗ ನನ್ನ ಹೆಸರ ಇಲ್ಲಂತ."

ವ್ಯಾಯಾಮ ಶಿಕ್ಷಕರ ಕೋರ್ಸಿನಲ್ಲಿ ಕ್ರೀಡಾ ಕೋಟಾದ ಸೀಟು, ಕಾಲೇಜು ತಂಡದ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಹುಬ್ಬಳ್ಳಿ ದಾರಿಯ ನವನಗರದ ಕಚೇರಿಯಲ್ಲಿ ಅರ್ಜಿಗೆ ಅಂದೇ ಸಂಜೆ ಐದಕ್ಕೆ ಕೊನೆ.

ಗುಮಾಸ್ತ ಸಿದ್ದಲಿಂಗಪ್ಪ ಫೈಲು ತಂದ. ಪಟ್ಟಿಯಲ್ಲಿ ಹದಿನೆಂಟು ಹೆಸರಿದ್ದವು. ಹದಿನೆಂಟನೆಯದು ಸೌಂದರ್ಯಾ, ಆಡಳಿತ ಮಂಡಳಿಯ ಅಧ್ಯಕ್ಷರ ತಮ್ಮನ ಮಗಳು. ಆಕೆ ಮೈದಾನ ನೋಡಿದ್ದರೆ ಕಾರಿನ ಗಾಜಿನೊಳಗಿಂದ ನೋಡಿರಬೇಕು, ಅಷ್ಟೇ.

ಹನುಮೇಶನ ಪಿತ್ತ ನೆತ್ತಿಗೇರಿತು. "ಯಾವ ಕಳ್ಳ ಇದಕ್ಕ ಸಹಿ ಮಾಡ್ಯಾನ್ರಿ?"

ಸಿದ್ದಲಿಂಗಪ್ಪ ಮೆಲ್ಲಗೆ ಹಾಳೆ ಮಗುಚಿದ. "ಸಹಿ ನಿಮ್ದ ಐತ್ರಿ ಸರ್. ಹೆಸರ ಮ್ಯಾಲಿನವರು ಹೇಳಿದ್ರು, ನಾ ಬರದೆ."

ಟೂರ್ನಮೆಂಟಿಗೆ ಹೊರಡುವ ಕೋಚ್‌ಗಳು ನಾಲ್ಕೈದು ಖಾಲಿ ಫಾರ್ಮುಗಳಿಗೆ ಸಹಿ ಹಾಕಿಟ್ಟು ಹೋಗುವುದು ಅಲ್ಲಿಯ ವಾಡಿಕೆ. ಇಲ್ಲದಿದ್ದರೆ ಕಾಗದಪತ್ರ ನಿಲ್ಲುತ್ತವೆ ಎಂಬ ನೆಪ. ಕೋಚ್ ಆಗಿದ್ದಾಗ ಹನುಮೇಶನೂ ಬಸ್ಸಿನ ಬಾಗಿಲಲ್ಲಿ ನಿಂತು, ಮಯೂರಿ ಬೆನ್ನಿಗೆ ಹೊತ್ತಿದ್ದ ಚೆಂಡಿನ ಚೀಲದ ಮೇಲೆ ಹಾಳೆ ಇಟ್ಟು ಗೀಚಿದ್ದ. ಕುರಿ ಕಾಯಲು ತೋಳನನ್ನು ತಾನೇ ಕರೆತಂದಿದ್ದ.

ಅಧ್ಯಕ್ಷ ಶಿವಯೋಗೀಶರಿಗೆ ಫೋನು ಹಚ್ಚಿದ. ಹತ್ತಿ ವ್ಯಾಪಾರದ ಮನುಷ್ಯ, ದನಿಯೂ ಹತ್ತಿಯಷ್ಟೇ ಮೆತ್ತಗೆ. "ಯಾಕ ತಲಿ ಕೆಡಿಸ್ಕೊಳ್ತೀರಿ ಹನುಮೇಶ ಅವರ? ಆ ಹುಡುಗಿಗೆ ಮುಂದಿನ ವರ್ಷ ಕೊಡೋಣ್ರಿ. ನಿಮ್ಮ ಕುರ್ಚಿನೂ ಇನ್ನಾ ಹೊಸಾದು."

ಮುಂದಿನ ವರ್ಷವಂತೆ! ಡಿಗ್ರಿ ಮುಗಿಸಿದವಳು ಯಾವ ತಂಡದಲ್ಲಿ ಆಡಬೇಕು? ಇವರ ಮನೆಯ ಅಂಗಳದಲ್ಲೇ? ಹನುಮೇಶನಿಗೆ ಆ ಫೋನನ್ನು ಗೋಡೆಗೆ ಅಪ್ಪಳಿಸಬೇಕೆನಿಸಿತು.

ಅಷ್ಟರಲ್ಲಿ ಮಯೂರಿ ಕೇಳಿದಳು. "ಸರ್, ಖಾಲಿ ಹಾಳ್ಯಾಗ ಸಹಿ ಮಾಡಿದ್ರಿ?"

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ನಿಜವಾಗಿಯೂ ನಂಬಲಾರದೆ ಕೇಳಿದ್ದಳು.

ಅವನ ತಂಡದಲ್ಲಿ ಒಂದು ಕಟ್ಟಳೆ ಇತ್ತು. ಗೋಲ್ ಬಿಟ್ಟ ಕೂಡಲೇ, ತಪ್ಪು ಯಾರದೋ ಅವರು ಕೈ ಎತ್ತಬೇಕು. ಪಕ್ಕದವರ ಮುಖ ನೋಡಿದವರು ಮುಂದಿನ ಪಂದ್ಯ ಹೊರಗೆ ಕೂರಬೇಕು. ಒಮ್ಮೆ ಮಯೂರಿ ಒಂದೇ ಪಂದ್ಯದಲ್ಲಿ ಮೂರು ಸಲ ಕೈ ಎತ್ತಿದ್ದಳು, ಮೂರನೆಯ ಸಲ ಅಳುತ್ತ. ಅವನಾದರೋ ಇವತ್ತು ಅವಳು ಬಂದ ಗಳಿಗೆಯಿಂದ ಪಕ್ಕದವರ ಮುಖವನ್ನೇ ನೋಡುತ್ತಿದ್ದ.

ಹಾಳೆ ಎಳೆದುಕೊಂಡು ಬರೆದ: 'ಈ ಪಟ್ಟಿ ಸುಳ್ಳು. ಸೌಂದರ್ಯಾ ಒಂದು ಪಂದ್ಯವನ್ನೂ ಆಡಿಲ್ಲ. ಆಡಿದವಳು ಮಯೂರಿ. ಖಾಲಿ ಫಾರ್ಮಿಗೆ ಸಹಿ ಹಾಕಿದ ತಪ್ಪು ನನ್ನದು.'

ಸಿದ್ದಲಿಂಗಪ್ಪ ಓದಿ ಬೆವೆತ. "ಸರ್, ಇದು ಹೋತಂದ್ರ ಮೊದಲ ನಿಮ್ಮ ನೌಕರಿಗೇ ಬರತೈತ್ರಿ."

"ಬರ್ಲಿ. ಸೀಲ್ ಹೊಡೀರಿ."

ಸೀಲು ಬಿತ್ತು. ಹನುಮೇಶ ಎದ್ದು ನಿಂತು, ಗುಮಾಸ್ತನ ಎದುರಿಗೇ, ಮೈದಾನದಲ್ಲಿ ಎತ್ತುವಂತೆ ತಲೆಯ ಮೇಲಕ್ಕೆ ಕೈ ಎತ್ತಿದ. ನಾಚಿಕೆಯಿಂದ ಅವನ ಕಿವಿಗಳು ಸುಡುತ್ತಿದ್ದವು.

ಮಯೂರಿ ನಗಲಿಲ್ಲ. ಪತ್ರವನ್ನು ಮಡಚಿ ಅರ್ಜಿಯೊಳಗಿಟ್ಟಳು.

"ಕೈ ಎತ್ತಿದ್ರ ಹೋದ ಗೋಲ್ ವಾಪಸ್ ಬರೂದಿಲ್ಲಂತ ನೀವ ಹೇಳ್ತಿದ್ರಿ ಸರ್. ನಾಕೂವರಿ ಆಗೇತಿ. ಲಗೂ ಗಾಡಿ ತಗೀರಿ."